ಸ್ವಲ್ಪ ಕೆಲಸ ಬಾಕಿ ಇರುವ ಬಸ್ಸು

"ಏನಳಿಯ, ಕೆಳಗೇ ಸಂಸಾರ ಹೂಡಿಬಿಟ್ಯಾ?"

ಬಸ್ಸಿನ ಹೊಟ್ಟೆಯಡಿ ಅಂಗಾತ ಮಲಗಿದ್ದ, ಕಿಡಿ ಎಂದೇ ಹೆಸರಾದ ಬೆಸುಗೆಯ ಹುಡುಗನಿಗೆ ಮಾತಾಡಿದವನ ಬೂಟುಗಳಷ್ಟೇ ಕಾಣುತ್ತಿದ್ದವು. ಕಂದು ಬೂಟು, ಕನ್ನಡಿಯಂಥ ಹೊಳಪು. ತುಕ್ಕು ಹಿಡಿದ ಗಾಡಿಗಳ ಅಂಗಳದಲ್ಲಿ ಇಷ್ಟು ಹೊಳೆಯುವ ಬೂಟು ತೊಟ್ಟು ಓಡಾಡುವವನು ಕೈಗೆ ಗ್ರೀಸ್ ಅಂಟಿಸಿಕೊಳ್ಳುವವರ ಪೈಕಿಯಲ್ಲ. ಬೇರೆಯವರ ಕೈಗೆ ಅಂಟಿಸುವವರ ಪೈಕಿ.

"ಸೈಲೆನ್ಸರ್ ನೋಡ್ತಿದೀನಿ ಮಾವ."

"ನೋಡು, ನೋಡು. ಡಾಕ್ಟ್ರೂ ಇಷ್ಟು ಹೊತ್ತು ನೋಡಲ್ಲ. ಮೂರೂವರೆಗೆ ಇನ್ನೊಬ್ಬರು ಬರ್ತಾರೆ. ಆಮೇಲೆ ಮಾವ ಹೇಳ್ಲಿಲ್ಲ ಅನ್ಬೇಡ."

ಆ ಮನುಷ್ಯ ಇಡೀ ಊರಿಗೆ ಮಾವ. ಬಂದ ಗಿರಾಕಿಗಳೆಲ್ಲ ಅಳಿಯಂದಿರು. ಹೆಣ್ಣು ಕೊಡದೆ ಅಳಿಯ ಅಂದವನು ಗಂಟು ಹೊಡೆಯದೆ ಬಿಡುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು.

ಅಕ್ಕ. ಅವಳು ಜೈಲಿನೊಳಗೆ ಕೂತು ಇವತ್ತಿಗೆ ಹತ್ತೊಂಬತ್ತು ದಿನ. ನಲವತ್ತೊಂದು ದಿನದ ಹಿಂದೆ ಅವರಿಬ್ಬರೂ ಹಳೇ ಗಾಡಿಗಳನ್ನು ಮನೆ-ಗಾಡಿ ಮಾಡುವ ಶೆಡ್ಡಿನ ಮುಂದಿನಿಂದ ಒಂದು ಬಸ್ಸು, ಅದರ ಒಡೆಯನಾದ ಮುದುಕ ಡ್ರೈವರನ ಸಮೇತ, ಮಾಯವಾಗಿತ್ತು. ಮುದುಕ ಕೊನೆಗೆ ಫೋನ್ ಮಾಡಿದ್ದು ಅಕ್ಕನಿಗೆ, ಅವನ ಕನ್ನಡಕ ಸಿಕ್ಕಿದ್ದು ಬಡಗಿಯಾದ ಅಕ್ಕನ ಮರದ ಪುಡಿಯ ರಾಶಿಯಲ್ಲಿ. ಕೊಂದವಳು ಅವಳೇ ಎಂದು ಬರೆದುಕೊಳ್ಳಲು ಪೊಲೀಸರಿಗೆ ಇನ್ನೇನು ಬೇಕು? ನಾಳೆ ಹನ್ನೊಂದು ಗಂಟೆಗೆ ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಬಸ್ಸು ಸಿಗದಿದ್ದರೆ ಅವಳು ಹೊರಗೆ ಬರುವ ಮಾತೇ ಇಲ್ಲ ಎಂದು ವಕೀಲ ಹೇಳಿಬಿಟ್ಟಿದ್ದ.

ಕಿಡಿ ಬಾಯಲ್ಲಿದ್ದ ಚಿಕ್ಕ ಟಾರ್ಚನ್ನು ಮೇಲಕ್ಕೆ ತಿರುಗಿಸಿದ.

ಹೊಸದಾಗಿ ಬಳಿದ ಕಪ್ಪು ಟಾರು ತಳಕ್ಕೆಲ್ಲ ಹಬ್ಬಿತ್ತು. ಅವಸರದ ಕೆಲಸ, ಬ್ರಶ್ಶಿನ ಕೂದಲು ಅಲ್ಲಲ್ಲೇ ಅಂಟಿಕೊಂಡಿದ್ದವು. ಅವನು ಜೇಬಿನಿಂದ ಕೆರೆಯುವ ಪಟ್ಟಿ ತೆಗೆದು, ಮುಂದಿನ ಚಕ್ರದಿಂದ ಎರಡು ಮಾರು ಹಿಂದಕ್ಕೆ ಅಂದಾಜು ಮಾಡಿ ಕೆರೆದ. ಟಾರು ಸುರುಳಿಸುರುಳಿಯಾಗಿ ಎದೆಯ ಮೇಲೆ ಬಿತ್ತು.

ಹಸಿರು.

ಇನ್ನೊಂದು ಕಡೆ ಕೆರೆದ. ಮತ್ತೆ ಹಸಿರು. ನಾಲ್ಕು ಮೂಲೆಗೆ ನಾಲ್ಕು ಹಸಿರು ಬಿಲ್ಲೆ.

ಬೆರಳಿನಿಂದ ಒಂದು ಬಿಲ್ಲೆಯ ಅಂಚು ಸವರಿದ.

ಈ ಬಸ್ಸು ಶಾಲೆಯ ಮಕ್ಕಳನ್ನು ಹೊತ್ತದ್ದಲ್ಲ, ಮಾವನ ಮಾರಾಟದ ಜಾಹೀರಾತಿನಲ್ಲಿ ಏನೇ ಬರೆದಿರಲಿ. ಇದು ಊರೂರು ತಿರುಗುವ ಹಲ್ಲಿನ ಆಸ್ಪತ್ರೆಯಾಗಿತ್ತು. ನಟ್ಟನಡುವೆ ಡಾಕ್ಟರ ಕುರ್ಚಿ, ಅದಕ್ಕೆ ನೆಲದಲ್ಲಿ ನಾಲ್ಕು ದೊಡ್ಡ ಬೋಲ್ಟಿನ ತೂತು. ಮುದುಕ ಅದನ್ನು ಕೊಂಡು ಮನೆ-ಗಾಡಿ ಮಾಡಿಕೊಡಿ ಎಂದು ತಂದಾಗ ಆ ತೂತುಗಳನ್ನು ಮುಚ್ಚಿದ್ದು ಕಿಡಿಯೇ. ಅವತ್ತು ಹೊಸ ತಗಡು ತರಲು ಹೋಗುವ ಸಹನೆ ಅವನಿಗಿರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಸಿರು ಫ್ರಿಜ್ಜಿನ ಬಾಗಿಲನ್ನೇ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಕೆಳಮುಖದ ಬಣ್ಣ ಉಜ್ಜದೆ, ಹಾಗೇ ಬೆಸುಗೆ ಹಾಕಿದ್ದ. ಅದಕ್ಕೆ ಅಕ್ಕ ವಾರವಿಡೀ ಬೈದಿದ್ದಳು: ಬಣ್ಣದ ಮೇಲೆ ಬೆಸೆಯೋದೂ ಒಂದೇ, ಕೆಸರಿನ ಮೇಲೆ ಗೋಡೆ ಕಟ್ಟೋದೂ ಒಂದೇ ಕಣೋ.

ಜಗತ್ತಿನಲ್ಲಿ ಇಂಥ ಸೋಮಾರಿ ಕೆಲಸ ಮಾಡಿದ ತಗಡಿನವನು ಬೇರೆ ಯಾರಿದ್ದಾನು? ಆ ಸೋಮಾರಿತನವೇ ಇವತ್ತು ಸಾಕ್ಷಿ.

ಫೋಟೊ ತೆಗೆದು ಕಳಿಸಿದ. ಅರ್ಧ ನಿಮಿಷಕ್ಕೆ ಫೋನ್ ಗುಂಯ್ಗುಟ್ಟಿತು. ಅಕ್ಕನ ಕೇಸಿನ ತನಿಖಾಧಿಕಾರಿ.

"ಏಳನೇ ಬಸ್ಸೇನಯ್ಯ?" ಅತ್ತಲಿನ ದನಿ ನಿಧಾನ, ನಿದ್ದೆಯಲ್ಲಿದ್ದಂತೆ. "ಹೋದ ವಾರ ಯಾರದೋ ಬ್ಯಾಂಡ್‌ಸೆಟ್ಟಿನ ಬಸ್ಸಿಗೆ ನನ್ನ ಓಡಿಸಿದ್ದೆ."

"ಹಸಿರು ಕಾಣ್ತಿಲ್ವಾ ಸಾರ್?" ಕಿಡಿ ಪಿಸುಗುಟ್ಟಿದ. "ನನ್ನ ಹೇಳಿಕೇಲಿ ಬರೆಸಿದೀನಿ. ನಾಲ್ಕು ಬಿಲ್ಲೆ, ಫ್ರಿಜ್ ಬಾಗಿಲು."

ಅತ್ತ ಕಾಗದ ಮಗುಚಿದ ಸದ್ದು. ನಂತರ ಕುರ್ಚಿ ಹಿಂದಕ್ಕೆ ಸರಿದ ಸದ್ದು.

"ಹೌದು, ಬರೆಸಿದೀಯ. ಇಪ್ಪತ್ತು ನಿಮಿಷ. ಅವನಿಗೆ ಅನುಮಾನ ಬರಬಾರದು. ಮತ್ತೆ ನೋಡು, ಕೈ ಎತ್ತಬೇಡ. ನಿನ್ನ ಕೈ ನಿನ್ನ ನಾಲಿಗೆಗಿಂತ ಚುರುಕು."

* * *

ಕಿಡಿ ತೆವಳಿ ಹೊರಗೆ ಬಂದ. ಮಧ್ಯಾಹ್ನದ ಬಿಸಿಲು ತಗಡಿನಿಂದ ತಗಡಿಗೆ ನೆಗೆದು ಕಣ್ಣಿಗೆ ಚುಚ್ಚುತ್ತಿತ್ತು.

ಎಂಥ ಅಂಗಳ ಅದು! ಗಂಟೆ ಕಿತ್ತ ಬೆಂಕಿ ಆರಿಸುವ ಗಾಡಿ, ಅದರೊಳಗೆ ಹಾಸಿಗೆ. ಗಿಣಿಹಸಿರು ಬಣ್ಣದ ಐಸ್‌ಕ್ರೀಮ್ ವ್ಯಾನು, ಅದರೊಳಗೆ ಒಲೆ. ಹೆಣ ಸಾಗಿಸುವ ಉದ್ದನೆಯ ಕಾರು, ಅದರ ಮೇಲೆ ಮಡಚುವ ಡೇರೆ. ಎಲ್ಲವೂ ಅರ್ಧ. ಒಂದಕ್ಕೂ ಪೂರ್ತಿ ಬಾಗಿಲಿಲ್ಲ.

ಈ ಒಂದೂವರೆ ತಿಂಗಳು ಮೊಬೈಲಿನಲ್ಲಿ ಜಾಹೀರಾತು ಉಜ್ಜಿ ಉಜ್ಜಿ ಕಿಡಿಗೆ ಆ ಭಾಷೆ ಕರಗತವಾಗಿತ್ತು. "ಸ್ವಲ್ಪ ಕೆಲಸ ಬಾಕಿ" ಅಂದರೆ ಇಂಜಿನ್ ಇಲ್ಲ. "ಕಲಾವಿದರಿಗೆ ಹೇಳಿ ಮಾಡಿಸಿದ್ದು" ಅಂದರೆ ಸೂರು ಸೋರುತ್ತದೆ. "ವೈಯಕ್ತಿಕ ಕಾರಣಕ್ಕೆ ಮಾರಾಟ" ಅಂದರೆ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಕುರ್ಚಿಯಲ್ಲಿ ಕೂತು ದುಡಿಯುವ ಜನ ನಾಲ್ಕು ವಿಡಿಯೊ ನೋಡಿ ಹಳೇ ಗಾಡಿ ಕೊಳ್ಳುತ್ತಾರೆ. ಮೊದಲ ವಾರ ಕನಸು, ಎರಡನೇ ವಾರ ಗ್ರೈಂಡರು, ಮೂರನೇ ವಾರ ಜಗಳ, ನಾಲ್ಕನೇ ವಾರ ಜಾಹೀರಾತು. ಆಮೇಲೆ ಮಾವನಂಥವನು ಬಂದು ಆ ಕನಸನ್ನು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ.

ಮುದುಕ ಡ್ರೈವರ್ ಆ ಥರದವನಲ್ಲ. ನಲವತ್ತು ವರ್ಷ ಬೇರೆಯವರನ್ನು ಅವರವರ ಊರಿಗೆ ಬಿಟ್ಟವನು. "ಇನ್ನು ಮೇಲೆ ಸ್ಟಾಪೇ ಇಲ್ಲದ ಬಸ್ಸು ಓಡಿಸ್ತೀನಿ ಕಣಪ್ಪ" ಎನ್ನುತ್ತಿದ್ದ. ದಿನಾ ಶೆಡ್ಡಿಗೆ ಬಂದು ಕೂರುತ್ತಿದ್ದ, ಬೆಸುಗೆ ಹಾಕುವಾಗ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. ಕಿಡಿಯನ್ನು ಬೈಯದೆ ಮಾತಾಡಿಸಿದ ಮೊದಲ ಗಿರಾಕಿ.

"ಒಳಗೆ ನೋಡಲ್ವಾ?" ಮಾವ ಬಸ್ಸಿನ ಬಾಗಿಲು ಸರಿಸಿದ. ಇನ್ನೊಂದು ಕೈಯಿಂದ ಹಿಂದಿದ್ದ ಅಂಗಳದ ಗೇಟಿನ ಚಿಲಕ ಹಾಕಿದ. "ನಾಯಿ ನುಗ್ಗುತ್ವೆ," ಎಂದ ನಗುತ್ತ.

ಅಂಗಳದಲ್ಲಿ, ಬೀದಿಯಲ್ಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದು ನಾಯಿಯೂ ಇರಲಿಲ್ಲ.

* * *

ಬಸ್ಸಿನೊಳಗೆ ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಅದರ ಕೆಳಗೆ ಇನ್ನೇನೋ ವಾಸನೆ, ಮುಚ್ಚಿದ ಕೋಣೆಯದು.

ನೆಲಕ್ಕೆ ಮರದ ಹಲಗೆ. ಎಡಕ್ಕೆ ಒಲೆಕಟ್ಟೆ. ತೀರಾ ಹಿಂದೆ, ಬಸ್ಸಿನ ಅಗಲಕ್ಕೂ, ನೆಲದಿಂದ ಸೂರಿನವರೆಗೂ ಒಂದು ದೊಡ್ಡ ಅಲಮಾರಿ.

ಒಲೆಕಟ್ಟೆ ಅವರದೇ. ನೆಲ ಅವರದೇ. ಅಲಮಾರಿ ಅವರದಲ್ಲ. ಬಸ್ಸು ಮಾಯವಾದ ದಿನ ಆ ಜಾಗ ಖಾಲಿ ಇತ್ತು.

"ಯಾವಾಗ ತಗೊಂಡ್ರಿ ಮಾವ ಇದನ್ನ?"

"ಆಯ್ತು, ಒಂದು ತಿಂಗಳಾಯ್ತು."

"ಹಾಗಿದ್ರೆ ಜಾಹೀರಾತು ಇವತ್ತು ಬೆಳಿಗ್ಗೆ ಎಂಟಕ್ಕೆ ಯಾಕೆ ಹಾಕಿದ್ರಿ?"

"ಒಳ್ಳೆ ಮುಹೂರ್ತ ಅಂತ." ಮಾವ ಒಲೆಕಟ್ಟೆಗೆ ಒರಗಿದ. "ಅಳಿಯ, ನೀನು ಗಾಡಿ ಕೊಳ್ಳೋಕೆ ಬಂದಿದೀಯೋ, ಪರೀಕ್ಷೆಗೆ ಪ್ರಶ್ನೆ ಪತ್ರಿಕೆ ಮಾಡೋಕೆ ಬಂದಿದೀಯೋ?"

"ಪರೀಕ್ಷೆ ಅಂದ್ರೆ ನಂಗಾಗಲ್ಲ. ಏಳನೇ ಕ್ಲಾಸಲ್ಲೇ ಕೈ ಮುಗಿದು ಬಂದವನು." ಕಿಡಿ ಅವನತ್ತ ಒಂದು ಹೆಜ್ಜೆ ಇಟ್ಟ. "ಯಾರು ಮಾರಿದ್ದು?"

"ಶಾಲೆಯವರು."

"ಯಾವ ಶಾಲೇಲಿ ಮಕ್ಕಳಿಗೆ ಪಾಠದ ಜೊತೆ ಹಲ್ಲೂ ಕೀಳ್ತಾರೆ?"

ಮಾವನ ನಗು ಮುಖದ ಮೇಲೇ ಇತ್ತು, ಆದರೆ ಕಣ್ಣು ಅದರಿಂದ ಕಳಚಿಕೊಂಡಿತು. ಅವನು ಕಿಡಿಯ ಕೈ ನೋಡಿದ. ಬೆರಳಿಗೆಲ್ಲ ಬೆಸುಗೆಯ ಚುಕ್ಕಿ ಸುಟ್ಟ ಗುರುತು.

"ಓಹೋ," ಎಂದ ಮೆಲ್ಲಗೆ. "ಆ ಬಡಗಿ ಹೆಂಗಸಿನ ತಮ್ಮ. ಬಾಯಿಬಡುಕ ಅಂತ ಕೇಳಿದ್ದೆ, ಸರಿಯಾಗೇ ಕೇಳಿದೀನಿ."

ತನಿಖಾಧಿಕಾರಿ ಹೇಳಿದ್ದು ಕಿಡಿಗೆ ನೆನಪಿತ್ತು. ಕೈಗೆ ನೆನಪಿರಲಿಲ್ಲ. ಮರುಕ್ಷಣ ಮಾವನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು, ಮಾವನ ತಲೆ ಕಿಟಕಿಯ ಗಾಜಿಗೆ ಕುಟ್ಟಿತ್ತು.

"ಎಲ್ಲಯ್ಯಾ ಆ ಮುದುಕ? ನೀನು ಬಸ್ಸು ನುಂಗೋಕೆ ನಮ್ಮಕ್ಕ ಜೈಲಲ್ಲಿ ಮುದ್ದೆಯಾಗಿ ಕೂರ್ಬೇಕಾ?"

"ಬಿಡು... ಅಂಗಿ ಬಿಡು. ಹೇಳ್ತೀನಿ."

"ಅಂಗಿ ಆಮೇಲೆ. ಮೊದಲು ಬಾಯಿ ಬಿಡು."

"ಹೆಂಗಸು," ಮಾವ ಉಸಿರು ಎಳೆದ. "ಮಾರಿದ್ದು ಒಬ್ಬ ಹೆಂಗಸು. ಅವಳೇ ಓಡಿಸ್ಕೊಂಡು ಬಂದಳು. ಒಂದು ಅಲಮಾರಿ ಬಾಕಿ ಇದೆ, ಮುಗಿಸಿಕೊಡ್ತೀನಿ ಅಂದಳು. ಮೂರು ದಿನ ಬೆಳಿಗ್ಗೆ ಬಂದು ಸಂಜೆವರೆಗೂ ಕೆಲಸ ಮಾಡಿದಳು. ಇಲ್ಲೇ, ಈ ಅಂಗಳದಲ್ಲೇ. ಪೆನ್ಸಿಲ್ ಕಿವಿ ಮೇಲೆ ಇಡಲ್ಲ ಅವಳು. ತುರುಬಿಗೆ ಚುಚ್ಕೊಳ್ತಾಳೆ."

ಕಿಡಿಯ ಮುಷ್ಟಿ ಸಡಿಲವಾಯಿತು. ಮತ್ತೆ ಬಿಗಿಯಾಯಿತು.

"ಸುಳ್ಳು."

"ನಂಗೇನಪ್ಪ ಲಾಭ? ಗರಗಸ ಹಿಡಿದಾಗ ನಾಲಿಗೆ ಕಚ್ಕೋತಾಳೆ. ಟೀ ಕೊಟ್ರೆ ಅರ್ಧ ಬಿಡ್ತಾಳೆ. ಇದೂ ಸುಳ್ಳಾ?"

"ಪೇಪರ್‌ನವರು ಅವಳ ಬಗ್ಗೆ ಬೇಕಾದ್ದೆಲ್ಲ ಬರೆದಿದ್ದಾರೆ. ಓದ್ಕೊಂಡಿದೀಯ."

"ಟೀ ಅರ್ಧ ಬಿಡೋದನ್ನ ಯಾವ ಪೇಪರ್‌ನಲ್ಲಿ ಬರೆದ್ರಪ್ಪ?" ಮಾವ ಕೊರಳು ಉಜ್ಜಿಕೊಂಡ. "ನಂಬಬೇಡ. ಹೋಗಿ ನೋಡು. ಕೆಲಸಕ್ಕೆ ಬಾಯಿಲ್ಲ, ಆದ್ರೆ ಸುಳ್ಳೂ ಹೇಳಲ್ಲ. ನಿಮ್ಮ ಕಸುಬಿನವರೇ ಹೇಳೋ ಮಾತು ತಾನೇ?"

* * *

ಕಿಡಿ ಅಲಮಾರಿಯತ್ತ ಹೋದದ್ದು ಮಾವನ ಸುಳ್ಳನ್ನು ಅವನ ಮುಖಕ್ಕೆ ಎಸೆಯುವುದಕ್ಕೆ.

ಮನೆಯ ಬಡಗಿಗೆ ಗಾಡಿಯ ಕೆಲಸ ಬಾರದು. ಮನೆ ಅಲುಗುವುದಿಲ್ಲ. ಗಾಡಿ ಹಗಲೂ ರಾತ್ರಿ ಅಲುಗುತ್ತದೆ. ಮನೆಯ ಬಡಗಿ ಹಲಗೆಗೆ ನೇರ ಸ್ಕ್ರೂ ಬಿಗಿಯುತ್ತಾನೆ. ನೂರು ಮೈಲಿ ಓಡುವಷ್ಟರಲ್ಲಿ ಅದು ಕಿರುಗುಟ್ಟಲು ಶುರುವಾಗುತ್ತದೆ, ಐನೂರಕ್ಕೆ ಕಳಚಿ ಬೀಳುತ್ತದೆ. ಅಕ್ಕ ಮಾತ್ರ ಒಂದೊಂದು ಸ್ಕ್ರೂವಿನ ಕೆಳಗೂ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ ಇಡುತ್ತಾಳೆ. ಅಂಗಡಿಯ ವಾಷರ್ ಬೇಡ ಅವಳಿಗೆ. ಟ್ಯೂಬಿನ ರಬ್ಬರ್ ಮೊದಲೇ ರಸ್ತೆ ನೋಡಿದೆ ಕಣೋ, ಅದಕ್ಕೆ ಕುಲುಕಾಟ ಅಭ್ಯಾಸ, ಎನ್ನುತ್ತಾಳೆ.

ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಅಷ್ಟು ಹೊತ್ತು ಯಾರಿಗಿದೆ?

ಅವನು ಅಲಮಾರಿಯ ಬಾಗಿಲು ತೆರೆದ. ಸದ್ದಿಲ್ಲ. ಎಣ್ಣೆಯಲ್ಲಿ ಅದ್ದಿದಂತೆ ತೆರೆದುಕೊಂಡಿತು.

ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೇಲಿನ ಕೀಲಿನ ಒಂದು ಸ್ಕ್ರೂ ತಿರುಗಿಸಿದ. ಹೊರಗೆ ಬಂತು. ಅದರ ಕುತ್ತಿಗೆಗೆ ಕಪ್ಪು ರಬ್ಬರಿನ ಬಿಲ್ಲೆ.

ಆದರೂ ಮನಸ್ಸು ಜಗಳ ಬಿಡಲಿಲ್ಲ. ಬಸ್ಸು ಹೋಗುವ ಮುಂಚೆ ಅಕ್ಕ ಕೀಲು ಜೋಡಿಸಿ ಇಟ್ಟಿದ್ದಿರಬಹುದು. ಯಾರೋ ಅವನ್ನೇ ತಂದು ಹೊಡೆದಿರಬಹುದು. ಇರಬಹುದು. ಯಾಕಿರಬಾರದು?

ಎರಡನೇ ಸ್ಕ್ರೂ. ಕಪ್ಪು ಬಿಲ್ಲೆ.

ಮೂರನೆಯದು.

ಅರ್ಧ ಕಪ್ಪು, ಅರ್ಧ ನೀಲಿ.

ಕಿಡಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ನೋಡುತ್ತಲೇ ಇದ್ದ.

ಬಸ್ಸು ಮಾಯವಾಗಿ ನಾಲ್ಕನೇ ದಿನ ಅವನು ಸೈಕಲ್ ಹತ್ತಿ ಊರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದ. ಹಿಂದಿನ ಚಕ್ರ ಪಂಕ್ಚರ್ ಆಯಿತು. ತೇಪೆಗೆ ಏನೂ ಸಿಗಲಿಲ್ಲ. ಕೆಲಸಕ್ಕೆ ಹಾಕುವ ನೀಲಿ ರಬ್ಬರ್ ಕೈಗವಸಿನ ಹೆಬ್ಬೆರಳು ಕತ್ತರಿಸಿ ಅಂಟಿಸಿದ್ದ. ಮರುದಿನ ಆ ಟ್ಯೂಬ್ ಬೇರೆ ಕಡೆ ಹರಿದೇ ಹೋಯಿತು. ಬೈಯುತ್ತ ತೆಗೆದು ಶೆಡ್ಡಿನ ಮೂಲೆಗೆ ಎಸೆದಿದ್ದ. ಅಕ್ಕ ಎತ್ತಿಕೊಂಡಿದ್ದಳು. "ಬಿಸಾಕ್ಬೇಡ, ನಂಗೆ ಬೇಕಾಗುತ್ತೆ," ಎಂದಿದ್ದಳು.

ಎಲ್ಲಿಗೆ ಬೇಕು ಎಂದು ಅವನು ಕೇಳಿರಲಿಲ್ಲ. ಬಸ್ಸೇ ಇಲ್ಲ, ಕೆಲಸವೇ ಇಲ್ಲ, ಟ್ಯೂಬ್ ಎಲ್ಲಿಗೆ ಎಂದು ಕೇಳಬೇಕಿತ್ತು.

ಆಮೇಲಿನ ದಿನಗಳಲ್ಲಿ ಅವಳು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಬಸ್ಸು ಹುಡುಕೋಕೆ ಹೋಗಿದ್ದೆ ಎನ್ನುತ್ತಿದ್ದಳು. ಅವಳ ಕೂದಲಲ್ಲಿ ಮರದ ಪುಡಿ ಇರುತ್ತಿತ್ತು. ಬಡಗಿಯ ಕೂದಲಲ್ಲಿ ಮರದ ಪುಡಿ ಇದ್ದರೆ ಯಾವ ತಮ್ಮ ತಲೆ ಕೆಡಿಸಿಕೊಳ್ಳುತ್ತಾನೆ?

"ಯಾಕಳಿಯ, ಬಾಯಿ ಕಟ್ಟಿತಾ?" ಹಿಂದಿನಿಂದ ಮಾವ.

ಕಿಡಿ ತಿರುಗಲಿಲ್ಲ. ಅವನಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು.

ಹೊರಗಿನಿಂದ ನೋಡಿದಾಗ ಬಸ್ಸಿಗೆ ಎಡಗಡೆ ಐದು ಕಿಟಕಿ. ಕೊನೆಯದರ ಗಾಜಿಗೆ ಬಣ್ಣ ಬಳಿದಿದ್ದರು. ಒಳಗೆ ಈಗ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಅಲಮಾರಿಯ ಹಿಂದೆ ಎನ್ನೋಣ. ಆದರೆ ಅಲಮಾರಿಗೆ ಒಂದು ಮೊಳದ ಆಳವೂ ಇಲ್ಲ. ಬೆರಳ ಗಂಟಿನಿಂದ ಹಿಂಬದಿಯ ಹಲಗೆ ತಟ್ಟಿದ.

ಟೊಳ್ಳು.

ಅಲಮಾರಿಯ ಹಿಂದೆ ಒಂದು ಕಿಟಕಿಯಷ್ಟು ಅಗಲದ ಜಾಗವಿದೆ. ಒಬ್ಬ ಮನುಷ್ಯ ಕಾಲು ಮಡಚಿಕೊಂಡು ಮಲಗುವಷ್ಟು.

ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು.

* * *

ಹತ್ತು ನಿಮಿಷದ ಹಿಂದೆ ಆ ಸದ್ದಿಗಾಗಿ ಕಿಡಿ ಪ್ರಾಣ ಬಿಡುತ್ತಿದ್ದ. ಈಗ ಜೀಪು ಕೆಟ್ಟು ನಿಲ್ಲಬಾರದಿತ್ತೇ ಅನ್ನಿಸಿತು. ಕರೆದವನು ತಾನೇ. ದಾರಿ ತೋರಿಸಿದವನು ತಾನೇ. ಅಕ್ಕನ ಕೊರಳಿನ ಹಗ್ಗ ಬಿಚ್ಚುತ್ತೇನೆಂದು ಹೊರಟು ಗಂಟು ಹಾಕುವುದಕ್ಕೆ ತುದಿ ಹುಡುಕಿಕೊಟ್ಟಿದ್ದ.

ಗೇಟು ತೆರೆಸಿಕೊಂಡು ತನಿಖಾಧಿಕಾರಿ ಬಸ್ಸು ಹತ್ತಿದ. ಡೊಳ್ಳು ಹೊಟ್ಟೆಯ, ನಿಧಾನದ ಮನುಷ್ಯ. ಮೆಟ್ಟಿಲಿಗೊಮ್ಮೆ ಉಸಿರು ಬಿಡುವವನು. ಹಿಂದೆ ಒಬ್ಬ ಕಾನ್‌ಸ್ಟೇಬಲ್, ಮಾವನ ಪಕ್ಕಕ್ಕೆ ಬಂದು ನಿಂತ.

"ಯಜಮಾನ್ರ ಕಾಲರ್ ಯಾಕೆ ಹರಿದಿದೆ?"

"ಸೆಖೆ ಸಾರ್," ಎಂದ ಮಾವ.

ಅಧಿಕಾರಿ ನಗಲಿಲ್ಲ. ಸುತ್ತ ಕಣ್ಣಾಡಿಸಿದ. ನೆಲ, ಒಲೆಕಟ್ಟೆ, ಕೊನೆಗೆ ಅಲಮಾರಿ.

"ಬಸ್ಸು ಹೋದಾಗ ಈ ಅಲಮಾರಿ ಇರ್ಲಿಲ್ಲ. ನಿನ್ನ ಹೇಳಿಕೇಲಿದೆ."

"ಇರ್ಲಿಲ್ಲ ಸಾರ್."

"ಅಂದ್ರೆ ಇದನ್ನ ಮಾಡಿದವರು ಯಾರೋ, ಬಸ್ಸು ಕದ್ದವರು ಅವರೇ. ಮುದುಕನಿಗೆ ಏನಾಯ್ತು ಅನ್ನೋದೂ ಅವರಿಗೆ ಗೊತ್ತು." ಅಧಿಕಾರಿ ಬಾಗಿಲಿನ ಅಂಚನ್ನು ಬೆರಳಿನಿಂದ ಸವರಿದ. "ಒಳ್ಳೆ ಕೆಲಸ. ಕಸುಬು ಗೊತ್ತಿರೋರ ಕೈ. ಇದು ಯಾರ ಕೈ ಅಂತ ನಿಂಗೆ ಗೊತ್ತಾಗ್ಬೇಕಲ್ವಾ?"

ಕಿಡಿ ಬಿಲ್ಲೆಯಿದ್ದ ಅಂಗೈ ಮುಚ್ಚಿದ.

ಮಾವ ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ. ಆ ಬಾಯಿಂದ ಬರಬೇಕಾದ ಮೊದಲ ಅಕ್ಷರ ಯಾವುದು ಎಂದು ಕಿಡಿಗೆ ಗೊತ್ತಿತ್ತು. ಆ ಮಾತು ಹೊರಬಿದ್ದರೆ ನಾಳೆ ಹನ್ನೊಂದು ಗಂಟೆಗೆ ಜಡ್ಜ್ ತಲೆ ಎತ್ತಿಯೂ ನೋಡುವುದಿಲ್ಲ.

"ನಂದು ಸಾರ್," ಎಂದ ಕಿಡಿ.

ಅಧಿಕಾರಿ ಬಾಗಿಲಿನಿಂದ ಕೈ ತೆಗೆದು ಅವನತ್ತ ತಿರುಗಿದ.

"ಏನು?"

"ಅಲಮಾರಿ ಮಾಡಿದ್ದು ನಾನು. ಅಕ್ಕಂಗೆ ಗೊತ್ತಿಲ್ಲ. ಅವಳಿಗೆ ಏನೂ ಗೊತ್ತಿಲ್ಲ."

ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನು ತಗಡಿನವನು."

"ಅಕ್ಕನ ಹತ್ರ ಕಲಿತಿದೀನಿ."

"ಬಸ್ಸು ನೀನೇ ಕದ್ದು, ಅದನ್ನ ಹುಡುಕು ಅಂತ ನನ್ನ ಏಳು ಸಲ ಓಡಿಸಿದೆ?"

"ಹೌದು."

"ಯಾಕೆ?"

ಕಿಡಿ ಅಲಮಾರಿಯ ಬಾಗಿಲಿಗೆ ಅಡ್ಡವಾಗಿ ನಿಂತ.

ಉತ್ತರ ಬೇರೆ ಕಡೆಯಿಂದ ಬಂತು.

"ಈಗ ಹೇಳ್ಬಹುದಲ್ವಾ ಸಾರ್?" ಮಾವನ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಹೆದರಿಕೆಗೆ ಬಾಯಿ ಮುಚ್ಕೊಂಡಿದ್ದೆ. ಇವನೇ ಸಾರ್. ಬಸ್ಸು ತಂದು ನನ್ನ ಅಂಗಳದಲ್ಲಿ ನಿಲ್ಲಿಸಿದ್ದು ಇವನೇ. ಬಾಡಿಗೆಗೆ ಜಾಗ ಕೊಡಿ ಅಂದ, ಕೊಟ್ಟೆ. ದಿನಾ ಬೆಳಿಗ್ಗೆ ಬರ್ತಿದ್ದ. ಒಳಗೆ ಹೋಗಿ ಬಾಗಿಲು ಹಾಕ್ಕೋತಿದ್ದ. ಇವತ್ತು ಇದ್ದಕ್ಕಿದ್ದ ಹಾಗೆ ಮಾರಿಬಿಡಿ ಅಂದ. ನಾನು ಬಡವ ಸಾರ್, ಗಾಡಿ ಮಾರೋನು. ಬೇರೆ ನಂಗೇನು ಗೊತ್ತು?"

ಕಿಡಿ ಅವನ ಮುಖ ನೋಡಿದ. ಎರಡೇ ನಿಮಿಷದ ಹಿಂದೆ ಹೆಂಗಸು ಎಂದಿದ್ದ ಬಾಯಿ ಅದೇ. ತಾನು ಎಸೆದ ಸುಳ್ಳನ್ನು ಅವನು ಗಾಳಿಯಲ್ಲೇ ಹಿಡಿದು, ಒರೆಸಿ, ತನಗೆ ಬೇಕಾದ ಅಳತೆಗೆ ಹೊಲಿದುಕೊಂಡಿದ್ದ. ಅವನನ್ನು ಸುಳ್ಳ ಎನ್ನಬೇಕಾದರೆ ಮೊದಲು ತಾನು ಸುಳ್ಳ ಎನ್ನಬೇಕು. ಆಮೇಲೆ ಉಳಿಯುವವಳು ಅಕ್ಕ.

ಹಲ್ಲು ಕಚ್ಚಿಕೊಂಡ. ದವಡೆ ನೋಯುವಷ್ಟು.

"ಸರಿ." ಅಧಿಕಾರಿ ಅಲಮಾರಿಯ ಹಿಂಬದಿ ತಟ್ಟಿದ. ಅವನಿಗೂ ಟೊಳ್ಳು ಕೇಳಿಸಿತು. "ನೀನು ಮಾಡಿದ್ದು ತಾನೇ? ತೆಗಿ."

ಕಿಡಿ ಮಂಡಿಯೂರಿದ.

ಎಡ ಅಂಚು ಒತ್ತಿದ. ಅಲುಗಲಿಲ್ಲ. ಬಲಕ್ಕೆ ತಳ್ಳಿದ. ಅಲುಗಲಿಲ್ಲ. ಮೇಲಿನ ಹಲಗೆಯ ಕೆಳಗೆ ಬೆರಳಾಡಿಸಿದ. ಎಲ್ಲಿ ಅಡಗಿಸಿಟ್ಟಿದ್ದೀಯೇ ಮಾರಾಯ್ತಿ? ಬೆವರು ಮೂಗಿನ ತುದಿಯಿಂದ ಹಲಗೆಯ ಮೇಲೆ ತೊಟ್ಟಿಕ್ಕಿತು.

"ಮಾಡಿದವನ ಕೈ ಹೀಗೆ ತಡಕಾಡಲ್ಲ," ಎಂದ ಅಧಿಕಾರಿ ಅವನ ಕಿವಿಯ ಹತ್ತಿರ.

"ಬಿಗಿಯಾಗಿದೆ ಸಾರ್."

ಕೆಳಗಿನ ಅಂಕಣ. ಅಕ್ಕ ಯಾವಾಗಲೂ ಚಿಲಕವನ್ನು ಕಣ್ಣಿನ ಎತ್ತರಕ್ಕೆ ಇಡುವವಳಲ್ಲ. ಬಗ್ಗಿದವನಿಗೆ ಸಿಗಬೇಕು ಎನ್ನುವವಳು. ಅವನು ಕೆಳಗಿನ ಹಲಗೆಯನ್ನೇ ಮೇಲಕ್ಕೆತ್ತಿದ. ಎದ್ದು ಬಂತು. ಅದರಡಿ ಒಂದು ಕಬ್ಬಿಣದ ಚಿಲಕ, ದಪ್ಪದ್ದು, ಗೋದಾಮಿನ ಬಾಗಿಲಿಗೆ ಹಾಕುವಂಥದ್ದು.

ಎಳೆದ. ಹಿಂಬದಿಯ ಹಲಗೆ ಪಕ್ಕಕ್ಕೆ ಸರಿಯಿತು.

ಮುಚ್ಚಿದ ಕೋಣೆಯ ವಾಸನೆ ಮುಖಕ್ಕೆ ರಾಚಿತು. ಬೆವರು, ಔಷಧಿ, ಹಳಸಿದ ಗಾಳಿ.

ಅಧಿಕಾರಿ ಟಾರ್ಚ್ ಹಾಕಿದ. ಕಿರಿದಾದ ಜಾಗ. ನೆಲಕ್ಕೆ ತೆಳು ಹಾಸಿಗೆ, ತಲೆಯ ತಗ್ಗು ಇನ್ನೂ ಏಳದ ದಿಂಬು. ಒಂದು ನೀರಿನ ಕ್ಯಾನು, ಅರ್ಧ ತುಂಬಿದ್ದು. ಬಣ್ಣ ಬಳಿದ ಕಿಟಕಿಯ ಗಾಜಿನಲ್ಲಿ, ಉಗುರಿನಿಂದ ಕೆರೆದು ಮಾಡಿದ ಕಾಸಗಲದ ಬೆಳಕಿನ ಕಂಡಿ.

ಮನುಷ್ಯ ಇರಲಿಲ್ಲ.

"ಚಿಲಕ ಈ ಕಡೆ," ಎಂದ ಅಧಿಕಾರಿ. "ಒಳಗಿದ್ದವನು ತೆಗೆಯೋಕಾಗಲ್ಲ."

ಅಂದರೆ ಅಡಗಿಸಿಟ್ಟ ಜಾಗವಲ್ಲ. ಕೂಡಿಹಾಕಿದ ಜಾಗ. ಅಕ್ಕನ ಕೈಯ ಕೆಲಸ.

ಅಧಿಕಾರಿ ಕಷ್ಟಪಟ್ಟು ಬಗ್ಗಿ, ಕರವಸ್ತ್ರದಲ್ಲಿ ದಿಂಬಿನ ಪಕ್ಕದಿಂದ ಏನನ್ನೋ ಎತ್ತಿದ. ಪ್ಲಾಸ್ಟಿಕ್ಕಿನ ಉದ್ದನೆಯ ಡಬ್ಬಿ. ವಾರದ ಏಳು ದಿನಕ್ಕೆ ಏಳು ಸಾಲು, ಬೆಳಿಗ್ಗೆಗೊಂದು ಮುಚ್ಚಳ, ರಾತ್ರಿಗೊಂದು. ಪಕ್ಕಕ್ಕೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಓರೆ ಅಕ್ಷರ: ತಪ್ಪಿಸಬೇಡ.

ಮುದುಕನ ಅಕ್ಷರ. ಶೆಡ್ಡಿನಲ್ಲಿ ಕೂತು ಈ ಡಬ್ಬಿಯನ್ನು ಅವನು ಗಿಲಗಿಲ ಆಡಿಸುತ್ತಿದ್ದುದನ್ನು ಕಿಡಿ ನೂರು ಸಲ ಕೇಳಿದ್ದ.

ಅಧಿಕಾರಿ ಒಂದೊಂದೇ ಮುಚ್ಚಳ ನೋಡುತ್ತ ಹೋದ. ಸೋಮವಾರ ಖಾಲಿ. ಮಂಗಳವಾರ ಖಾಲಿ. ಬುಧವಾರ ಖಾಲಿ.

ಗುರುವಾರದ ಬೆಳಗಿನದು ಖಾಲಿ. ಗುರುವಾರದ ರಾತ್ರಿಯದು ತುಂಬಿತ್ತು.

"ಇವತ್ತು ಯಾವ ವಾರ?" ಎಂದ, ಗೊತ್ತಿದ್ದೂ.

"ಗುರುವಾರ ಸಾರ್," ಎಂದ ಕಾನ್‌ಸ್ಟೇಬಲ್.

ಅಧಿಕಾರಿಯ ನಿದ್ದೆಗಣ್ಣು ಪೂರ್ತಿ ತೆರೆದುಕೊಂಡಿತ್ತು. ಕಿಡಿ ಅದನ್ನು ಮೊದಲ ಸಲ ನೋಡಿದ.

"ಸತ್ತಿಲ್ಲ," ಎಂದ ಅಧಿಕಾರಿ. "ಇವತ್ತು ಬೆಳಿಗ್ಗೆ ಇಲ್ಲೇ ಇದ್ದ. ನಿಮ್ಮಕ್ಕನ ಮೇಲಿನ ಕೊಲೆ ಕೇಸು ಇಲ್ಲಿಗೆ ಮುಗೀತು, ಸಂತೋಷ ಪಡು." ಅವನು ಡಬ್ಬಿಯನ್ನು ಕಿಡಿಯ ಕಣ್ಣಿನ ಮುಂದೆ ಹಿಡಿದ. ಉಳಿದ ಮಾತ್ರೆಗಳು ಒಳಗೆ ಸಣ್ಣಗೆ ಸದ್ದು ಮಾಡಿದವು. "ಮುದುಕನ ಮಗಳು ದೂರು ಕೊಡುವಾಗ ಏನು ಹೇಳಿದ್ಲು ಗೊತ್ತಾ? ಅಪ್ಪನ ಎದೆ ಈ ಮಾತ್ರೆ ಮೇಲೆ ನಡೀತಿದೆ, ಒಂದು ರಾತ್ರಿ ತಪ್ಪಿದ್ರೆ ಬೆಳಗಾಗಲ್ಲ ಅಂದಳು. ರಾತ್ರಿಯದು ನನ್ನ ಕೈಲಿದೆ."

ಕಾನ್‌ಸ್ಟೇಬಲ್ಲಿನ ಪಕ್ಕದಲ್ಲಿ ಮಾವ ತನ್ನ ಹೊಳೆಯುವ ಬೂಟು ನೋಡಿಕೊಳ್ಳುತ್ತಿದ್ದ. ತುಟಿಯ ಮೂಲೆಯಲ್ಲಿ ನಗುವಿನಂಥದ್ದೇನೋ ಇತ್ತು.

ನಾನಲ್ಲ ಎನ್ನಬೇಕು, ಈಗಲೇ, ಇದೇ ಉಸಿರಿಗೆ. ಆಗ ಅಧಿಕಾರಿ ಮಾವನ ಕೊರಳು ಹಿಡಿಯುತ್ತಾನೆ, ಮುದುಕ ಬದುಕಬಹುದು. ಆದರೆ ಮಾವ ಮತ್ತೆ ಹೆಂಗಸು ಎನ್ನುತ್ತಾನೆ, ಮುದುಕನನ್ನು ಕೂಡಿಹಾಕಿದ ಕೇಸು ಅಕ್ಕನ ಮೇಲೆ ಬೀಳುತ್ತದೆ, ಮತ್ತು ಈ ಸಲದ ಆರೋಪ ಸುಳ್ಳಲ್ಲ.

ಕಿಡಿಯ ಮುಷ್ಟಿಯೊಳಗೆ ಅರ್ಧ ನೀಲಿ ಬಿಲ್ಲೆ ಬೆವರಿಗೆ ಅಂಟಿಕೊಂಡಿತ್ತು.

ತನಿಖಾಧಿಕಾರಿ ಅವನ ಹೆಗಲ ಮೇಲೆ ಕೈಯಿಟ್ಟ. ಭಾರದ ಕೈ.

"ರಾತ್ರಿ ಮಾತ್ರೆ ಹೊತ್ತಿಗೆ ಇನ್ನು ಆರು ತಾಸಿದೆ ನಿಂಗೆ," ಎಂದ. "ಹೇಳು. ಎಲ್ಲಿಟ್ಟಿದೀಯ ಆ ಮುದುಕನ್ನ?"